ನಾನು ಸೋದರಮಾವನಾದದ್ದು

ಹೊಸ ಕುಪ್ಪಸದ ಖಣಕ್ಕೆ ಒಂದು ವಾಸನೆ ಇರುತ್ತದೆ. ಗಂಜಿ, ಅಂಗಡಿಯ ಕಪಾಟು, ಯಾರದೋ ಮನೆಯ ಅರಿಶಿನ ಎಲ್ಲ ಕೂಡಿದ ವಾಸನೆ. ಇವತ್ತು ಬೆಳಿಗ್ಗೆ ಸುಲೇಪೇಟಕ್ಕೆ ಹೊರಡುವ ಮುನ್ನ ಟ್ರಂಕು ತೆರೆದಾಗ ಅದು ಮುಖಕ್ಕೇ ಬಂತು. ಒಳಗೆ ಖಣಗಳು, ಟವೆಲ್ಲುಗಳು, ಬಿಳಿ ಟೊಪ್ಪಿಗೆಗಳು. ಮದುವೆಯಾಗದೆ, ಕಾಲೇಜಿನಲ್ಲಿ ರಸಾಯನಶಾಸ್ತ್ರ ಹೇಳಿಕೊಂಡು ತನ್ನ ಪಾಡಿಗೆ ಇರುವ ನನ್ನಂಥ ಹೆಣ್ಣಿಗೆ ಇಷ್ಟೊಂದು ಆಯೇರಿ ಸಾಮಾನು ಯಾಕೆ ಎಂದು ನೀವು ಕೇಳಬಹುದು. ಬಸ್ಸಿಗೆ ಇನ್ನೂ ಹೊತ್ತಿದೆ, ಹೇಳಿಬಿಡುತ್ತೇನೆ.

ಆಯೇರಿ ಎಂದರೆ ಕಾರ್ಯಕ್ಕೆ ಬಂದವರು ಮನೆಯವರಿಗೆ ಕೊಡುವ ಬಟ್ಟೆ ಅಥವಾ ರೊಕ್ಕ. ನಮ್ಮ ಕಡೆ ಅದನ್ನು ಮೆಲ್ಲಗೆ ಕೈಗಿಟ್ಟು ಹೋಗುವುದಿಲ್ಲ, ಮೈಕಿನಲ್ಲಿ ಕೂಗುತ್ತಾರೆ. ಯಾವ ಊರು, ಯಾರ ಮನೆ, ಎಷ್ಟು, ಎಲ್ಲ ಓಣಿಯ ಆಚೆಗೂ ಕೇಳಬೇಕು. ಮುಂದೆ ಅವರ ಮನೆಯಲ್ಲಿ ಕಾರ್ಯವಾದಾಗ ಅದು ತಿರುಗಿ ಹೋಗಬೇಕು. ಹುಟ್ಟುಹಬ್ಬಕ್ಕೆ ಯಾರಾದರೂ ಶುಭ ಹಾರೈಸಿದರೂ ಎಲ್ಲಿ ನೋಡಬೇಕೆಂದು ತಿಳಿಯದ ನನಗೆ ಈ ಪದ್ಧತಿ ಕಂಡರೆ ಆಗುತ್ತಿರಲಿಲ್ಲ. ಮೈಕು ಶುರುವಾದದ್ದೇ ತಡ, ಕೈ ತೊಳೆಯುವ ನೆವದಲ್ಲಿ ಹಿತ್ತಲಿಗೆ ಹೋಗಿಬಿಡುತ್ತಿದ್ದೆ.

ಅಕ್ಕನ ಮಗಳು ಪಲ್ಲವಿಗೆ ಆಗ ಮೂರನೆಯ ವರ್ಷ. ಹುಟ್ಟಿದಾಗಿನಿಂದ ಅವಳ ಹೃದಯದಲ್ಲಿ ತೂತು. ಅಂಗಳದಲ್ಲಿ ನಾಲ್ಕು ಹೆಜ್ಜೆ ಇಟ್ಟರೆ ತುಟಿ ನೀಲಿಯಾಗುತ್ತಿತ್ತು, ಕುಕ್ಕರಗಾಲಿನಲ್ಲಿ ಕೂತುಬಿಡುತ್ತಿದ್ದಳು. ಕೂತಲ್ಲಿಂದಲೇ ಬೆಕ್ಕಿಗೆ, ಎಮ್ಮೆಗೆ, ನನಗೆ ಅಪ್ಪಣೆ ಮಾಡುತ್ತಿದ್ದಳು. ನಮ್ಮ ಮೂವರಲ್ಲಿ ಹೇಳಿದ ಹಾಗೆ ಕೇಳುತ್ತಿದ್ದವಳು ನಾನೊಬ್ಬಳೇ. ಹೈದರಾಬಾದಿನ ಡಾಕ್ಟರು ಮಳೆಗಾಲ ಹಿಡಿಯುವುದರೊಳಗೆ ಆಪರೇಷನ್ ಆಗಲೇಬೇಕೆಂದರು. ಸರಕಾರದ ಕಾರ್ಡು ಖರ್ಚಿನ ಒಂದು ಪಾಲಿಗಷ್ಟೇ ಬರುವಂತಿತ್ತು. ಅಕ್ಕನ ಗಂಡ ಶಹಾಬಾದದಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲಿಗೆ ಪಾಲಿಶ್ ಹೊಡೆಯುವವರು. ಅಕ್ಕನ ಮೈಮೇಲಿನ ಬಂಗಾರವೆಲ್ಲ ಅದಾಗಲೇ ತಪಾಸಣೆಗಳಿಗೆ ಹೋಗಿತ್ತು.

ಮನೆಯಲ್ಲಿ ಓದಿದವಳು ನಾನೇ ಆದ್ದರಿಂದ ಹೊಣೆಯನ್ನು ನಾನೇ ಹೊತ್ತೆ. ಫೋನಿನಲ್ಲಿ ಸಹಾಯ ಕೇಳುವ ಒಂದು ಪುಟ ಮಾಡಿದೆ. ಕಣ್ಣೀರು ತರಿಸುವ ಮಾತು ಒಂದೂ ಇಲ್ಲದಂತೆ ಎಚ್ಚರವಹಿಸಿ, ರೋಗದ ಹೆಸರು, ಚಿಕಿತ್ಸೆಯ ಸ್ವರೂಪ, ಬೇಕಾದ ಮೊತ್ತವನ್ನು ಪ್ರಯೋಗದ ವರದಿಯ ಹಾಗೆ ಬರೆದೆ. ಬಂಧುಗಳೆಲ್ಲ ಇರುವ ಗುಂಪಿಗೆ ಕಳಿಸಿದೆ. ವಿಶ್ವವಿದ್ಯಾಲಯದ ಗೆಳತಿಯರು ಕೊಟ್ಟರು. ಪರಿಚಯವೇ ಇಲ್ಲದ ಒಂದಿಬ್ಬರು ಕೊಟ್ಟರು. ಬಂಧುಗಳಿಂದ ಮುಗಿದ ಕೈಗಳ ಚಿತ್ರಗಳು ಬಂದವು. ಸೇಡಂ, ಚಿತ್ತಾಪುರ, ವಾಡಿ, ಚಿಂಚೋಳಿ, ಎಲ್ಲ ಕಡೆಯಿಂದಲೂ ಬರೀ ಮುಗಿದ ಕೈಗಳು.

ಅಪ್ಪ ಅವ್ವ ತೀರಿಕೊಂಡ ಮೇಲೆ ಅಕ್ಕನನ್ನೂ ನನ್ನನ್ನೂ ಸಾಕಿದವಳು ಮಕ್ಕಳಿಲ್ಲದ ದೊಡ್ಡವ್ವ. ಅವಳ ಮುಂದೆ ನನ್ನ ಸಿಟ್ಟು ತೋಡಿಕೊಂಡೆ. ಅವಳು ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತಿದ್ದಳು.

“ನೀ ಯಾರ್ಯಾರ್ನ ಕರದಿ?” ಎಂದಳು.

“ಎಲ್ಲರಿಗೂ ಕಳಿಸೀನಿ, ದೊಡ್ಡವ್ವ.”

“ಕಳಿಸೂದು ಬ್ಯಾರೆ, ಕರಿಯೂದು ಬ್ಯಾರೆ. ಸುಮ್ನ ರೊಕ್ಕ ಕೊಟ್ರ ಅದು ಭಿಕ್ಷಾ ಆಗ್ತದ. ನಿಮಗ ಭಿಕ್ಷಾ ಹಾಕಬೇಕಂದ್ರ ಅವರಿಗರೆ ಕೈ ಹ್ಯಾಂಗ ಬರಬೇಕು? ಕೂಸಿನ ಜವಳ ತೆಗಿಯೂದು ಉಳದದಲ್ಲ, ಅದನ್ನ ಇಟ್ಕೋ. ಆಯೇರಿ ಮಾಡ್ಲಿಕ್ಕ ಯಾರಿಗೇನು ನಾಚಿಕಿ?”

ಜವಳವೆಂದರೆ ಮಗುವಿನ ಹುಟ್ಟುಗೂದಲು ತೆಗೆಸುವ ಕಾರ್ಯ. ಪಲ್ಲವಿಯ ಜಡ್ಡಿನಿಂದಾಗಿ ಮುಂದೆ ಹೋಗುತ್ತಲೇ ಇತ್ತು. ಊಟದ ಖರ್ಚೇ ಬಂದ ರೊಕ್ಕವನ್ನು ನುಂಗಿದರೆ ಏನು ಗತಿ ಎಂದು ನಾನು ತಕರಾರು ತೆಗೆದೆ. ದೊಡ್ಡವ್ವ ಮೊರ ಕೊಡವಿದಳು. “ಬ್ಯಾಳಿ ಚಿಂಚೋಳಿಯವರು ತರ್ತಾರ, ಅಕ್ಕಿ ಚಿತ್ತಾಪುರದವರು ತರ್ತಾರ. ನೀ ಕುಂಕುಮದ ಭರಣಿ ಹಿಡಕೊಂಡು ನನ್ ಜೋಡಿ ಬಾ, ಸಾಕು.”

ಹಾಗೆ ನಮ್ಮ ತಿರುಗಾಟ ಶುರುವಾಯಿತು. ರೈಲಿನಲ್ಲಿ ಚಿತ್ತಾಪುರ, ವಾಡಿ. ಬಸ್ಸಿನಲ್ಲಿ ಶಹಾಬಾದ, ಚಿಂಚೋಳಿ. ಪ್ರತಿ ಮನೆಯಲ್ಲೂ ಹೆಂಗಸರ ಹಣೆಗೆ ಕುಂಕುಮ ಹಚ್ಚಿ, ಗಂಡಸರಿಗೆ ಕೈಮುಗಿದು ಕರೆಯಬೇಕು. ಪ್ರತಿ ಮನೆಯಲ್ಲೂ ಚಹಾ. ಬೇಡವೆಂದರೆ ಕರೆದದ್ದೇ ಸುಳ್ಳಾಗುತ್ತದೆ. ಆ ವಾರ ನನ್ನೊಳಗೆ ಹರಿದದ್ದು ರಕ್ತವೋ ಚಹಾವೋ, ರಸಾಯನಶಾಸ್ತ್ರದವಳಾಗಿಯೂ ಖಚಿತವಾಗಿ ಹೇಳಲಾರೆ. ಕರೆದಾದ ಮೇಲೆ ದೊಡ್ಡವ್ವ ಹೊಸ್ತಿಲಲ್ಲಿ ನಿಂತು ಚಪ್ಪಲಿ ಮೆಟ್ಟುತ್ತ ಒಂದೇ ಮಾತು ಹೇಳುತ್ತಿದ್ದಳು: “ಬಟ್ಟಿ ಗಿಟ್ಟಿ ತರಬ್ಯಾಡ್ರಿ. ಕೂಸು ಹೈದರಾಬಾದಕ್ಕ ಹೊಂಟದ.” ಅದರಾಚೆ ಅವಳೂ ಏನೂ ಹೇಳುತ್ತಿರಲಿಲ್ಲ, ಅವರೂ ಏನೂ ಕೇಳುತ್ತಿರಲಿಲ್ಲ. ನಾನು ಫೋನಿನಲ್ಲಿ ಪುಟ ತುಂಬ ಬರೆದಿದ್ದೆನಲ್ಲ, ಅಷ್ಟೂ ಆ ಮಾತಿನಲ್ಲಿತ್ತು.

ವಾಡಿಯಲ್ಲಿ ಅಪ್ಪನ ತಮ್ಮ ಸಿದ್ರಾಮ ಕಾಕಾ ಇದ್ದಾನೆ, ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ. ಬಾಗಿಲಲ್ಲೇ ನನ್ನನ್ನು ಹಿಡಿದ. “ಫೋನಿನ್ಯಾಗ ಒಂದು ಬಂದಿತ್ತಲ್ಲ, ಬರದಾಕಿ ನೀನೇ ಏನವಾ? ಓದಿ ನನಗ ಕೋರ್ಟಿನ ನೋಟಿಸ್ ಬಂದಂಗಾತು ನೋಡು. ಮುಂದಿನ ತಾರೀಖು ಯಾವುದು ಅಂತ ನಿನ್ನ ಕಾಕಿನ್ನ ಕೇಳಿದೆ!”

“ಕಾಕಾ, ಅದರಾಗ ಎಲ್ಲಾ ವಿವರ ಇತ್ತು.”

“ಎಲ್ಲಾ ಇತ್ತು. ‘ಕಾಕಾ, ಬಾ’ ಅಂತ ಇರಲಿಲ್ಲ.”

ಕಾಕಿಯ ಹಣೆಗೆ ಕುಂಕುಮ ಹಚ್ಚಿ, “ಕಾಕಾ, ಬಾ,” ಎಂದೆ. “ಈಗ ನೋಡು,” ಎಂದು ನಕ್ಕವನು, ಮೈಕು ತಾನೇ ತರುತ್ತೇನೆಂದ.

ಜವಳದ ದಿನ ಸೇಡಂನ ನಮ್ಮ ಅಂಗಳ ಸಾಲದೆ ಓಣಿಗೂ ಪೆಂಡಾಲು ಹಾಕಿದೆವು. ಗೋಧಿ ಹುಗ್ಗಿ ಕುದಿಯುತ್ತಿತ್ತು. ಪಲ್ಲವಿ ಹೊಸ ಲಂಗ ಹಾಕಿಕೊಂಡು ಬಂದವರಿಗೆಲ್ಲ, “ಕುಂದ್ರಿ, ಉಂಡು ಹೋಗ್ರಿ,” ಎನ್ನುತ್ತಿದ್ದಳು. ಕೂಸನ್ನು ಸೋದರಮಾವ ತೊಡೆಯ ಮೇಲೆ ಕೂರಿಸಿಕೊಂಡು ಮೊದಲ ಕೂದಲು ಕತ್ತರಿಸಬೇಕು. ನಮಗೆ ಅಣ್ಣ ತಮ್ಮಂದಿರಿಲ್ಲದ್ದರಿಂದ ಕಾಕಾನ ಮಗನನ್ನು ಕೂರಿಸುವುದೆಂದು ಗೊತ್ತಾಗಿತ್ತು. ಆರಡಿ ಎತ್ತರದ ಆಳು, ಹುರಿ ಮಾಡಿದ ಮೀಸೆ, ತಲೆಗೆ ಕೆಂಪು ರುಮಾಲು. ಅವನು ಕೈ ಚಾಚಿದ ಕೂಡಲೇ ಪಲ್ಲವಿ ಕಿಟಾರನೆ ಚೀರಿದಳು.

ಬೇರೆ ಕೂಸುಗಳು ಅತ್ತರೆ ಜನ ನಗುತ್ತಾರೆ. ಅವಳು ಅತ್ತಾಗ ಪೆಂಡಾಲಿನಲ್ಲಿ ಯಾರೂ ನಗಲಿಲ್ಲ. ತುಟಿಯ ಬಣ್ಣ ತಿರುಗತೊಡಗಿತ್ತು. ಅಕ್ಕ ಗೋಡೆ ಹಿಡಿದು ನಿಂತಳು. ನಾನು ಹೆಂಗಸರ ಸಾಲಿನ ಹಿಂದಿನಿಂದ ಹೇಗೆ ಮುಂದೆ ಬಂದೆನೋ ತಿಳಿಯದು. ಕೂಸನ್ನು ಎತ್ತಿ ಮೊಣಕಾಲು ಮಡಿಸಿ ಎದೆಗೊತ್ತಿಕೊಂಡೆ, ಡಾಕ್ಟರು ಹೇಳಿಕೊಟ್ಟಿದ್ದ ಹಾಗೆ. ನಿಧಾನಕ್ಕೆ ಉಸಿರು ಹದಕ್ಕೆ ಬಂತು. ಅವಳು ನನ್ನ ಸೆರಗು ಬಿಡಲಿಲ್ಲ.

ದೊಡ್ಡವ್ವ ಆ ಹುಡುಗನ ತಲೆಯಿಂದ ರುಮಾಲು ತೆಗೆದು ನನ್ನ ತಲೆಗೆ ಸುತ್ತಿದಳು. “ಕೂಸಿಗಿ ಮಾವ ಸಿಕ್ಕ. ಕುಂದ್ರವಾ.”

“ದೊಡ್ಡವ್ವ, ಇಷ್ಟು ಮಂದಿ ಮುಂದ...”

“ಮಂದಿ ಬಂದದ್ದೇ ನೋಡ್ಲಿಕ್ಕ. ಕುಂದ್ರು.”

ಕೂತೆ. ಕಣ್ಣಿನ ಮೇಲೆ ಜಾರುವ ರುಮಾಲನ್ನು ಒಂದು ಕೈಯಿಂದ ಹಿಡಿದು, ಇನ್ನೊಂದರಲ್ಲಿ ಕತ್ತರಿ ಹಿಡಿದೆ. ಕಾಕಾ ಮೈಕು ಕೈಗೆತ್ತಿಕೊಂಡ. “ಕೇಳ್ರಪ್ಪೋ ಕೇಳ್ರಿ! ಇಲ್ಲೀತನಕ ಸೋದರಮಾವಗ ಮೀಸಿ ಇರ್ತಿದ್ವು. ಇವತ್ತ ನಮ್ಮ ಮನ್ಯಾಗ ಹೊಸಾ ಮಾವ ಹುಟ್ಟ್ಯಾನ, ಎಮ್ಮೆಸ್ಸಿ ಪಾಸಾಗ್ಯಾನ!”

ಹಿತ್ತಲಿಗೆ ಹೋಗಲು ದಾರಿಯಿರಲಿಲ್ಲ, ತೊಡೆಯ ಮೇಲೆ ಕೂಸಿತ್ತು. ಅದರ ಬೆನ್ನು ನನ್ನ ಎದೆಗೆ ಒತ್ತಿಕೊಂಡಿತ್ತು. ಒಳಗೆ ಆ ಪುಟ್ಟ ಹೃದಯ ಒಮ್ಮೆ ಓಡಿ ಒಮ್ಮೆ ತಡವರಿಸಿ ಬಡಿಯುವುದು ನನಗೆ ತಿಳಿಯುತ್ತಿತ್ತು. ಕಾಕಾ ಒಂದೊಂದೇ ಹೆಸರು ಕೂಗತೊಡಗಿದ. ಚಿತ್ತಾಪುರದ ದೊಡ್ಡ ಮನೆಯವರು. ಶಹಾಬಾದದಿಂದ, ಕೂಸಿನ ಅಪ್ಪನ ಜೊತೆ ಕಲ್ಲಿನ ಕೆಲಸ ಮಾಡುವವರು ಎಲ್ಲ ಕೂಡಿ. ಚಿಮ್ಮನಚೋಡದಿಂದ, ಪಲ್ಲವಿಯನ್ನು ಒಮ್ಮೆಯೂ ನೋಡದ ಒಬ್ಬ ಮುದುಕಿ. ಮೊತ್ತಗಳನ್ನು ಇಲ್ಲಿ ಹೇಳುವುದಿಲ್ಲ. ಆ ದಿನ ಓಣಿಗೆಲ್ಲ ಕೇಳಿದೆ, ಅಷ್ಟು ಸಾಕು. ಒಂದೊಂದು ಹೆಸರು ಕೇಳಿದಾಗಲೂ, ಇನ್ನೂ ಕೂಗಲಿ, ಇನ್ನಷ್ಟು ಗಟ್ಟಿಯಾಗಿ ಕೂಗಲಿ ಎಂದು ನನಗೆ ಅನಿಸುತ್ತಿತ್ತು.

ರೊಕ್ಕ ಕೂಡಿತು. ಮಳೆಗೆ ಮೊದಲೇ ಹೈದರಾಬಾದಕ್ಕೆ ಹೋದೆವು. ಆಯೇರಿ ಮಾಡಿದವರಿಗೆಲ್ಲ ಕೂಸಿನ ಸುದ್ದಿ ಕೇಳುವ ಹಕ್ಕು ಬಂದಿತ್ತಲ್ಲ, ಆಪರೇಷನ್ ನಡೆದಷ್ಟು ಹೊತ್ತೂ ಫೋನು ಸುಮ್ಮನಾಗಲಿಲ್ಲ. “ಒಳಗ ಒಯ್ದ್ರೇನು?” “ನೀವರೆ ಚಹಾ ಕುಡದ್ರಿಲ್ಲ?” “ಅಲ್ಲಿ ಊಟ ಖಾರ ಇರ್ತದ, ಮೊಸರು ಹಾಕ್ಕೋರಿ.” ಫೋನು ಬಂದರೆ ನಿಲ್ಲುವವರೆಗೂ ನೋಡುತ್ತ ಕೂರುವವಳು ನಾನು, ಅಂದು ಪ್ರತಿಯೊಂದನ್ನೂ ಎತ್ತಿದೆ. ಹೆದರಿಕೊಳ್ಳಲು ಅವರು ನನಗೆ ಬಿಡುವನ್ನೇ ಕೊಡಲಿಲ್ಲ. ಸಂಜೆ ಡಾಕ್ಟರು ಹೊರಗೆ ಬಂದು ತಲೆಯಾಡಿಸಿ ನಕ್ಕಾಗ ಕಾಕಾ ಫೋನಿನಲ್ಲೇ ಇದ್ದ. ನಾನು ಏನೂ ಹೇಳಲಾಗದೆ ಅತ್ತೆ. “ತಿಳೀತು ಬಿಡವಾ,” ಎಂದ, ತಾನೂ ಅಳುತ್ತಿದ್ದ.

ಅಂದಿನಿಂದ ನನ್ನ ಭಾನುವಾರಗಳು ನನ್ನವಲ್ಲ. ತೊಟ್ಟಿಲು, ಗೃಹಪ್ರವೇಶ, ಮದುವೆ. ಎಲ್ಲಿ ಕರೆದರೂ ಹೋಗಬೇಕು, ಅಂದು ಬಂದ ಆಯೇರಿ ತಿರುಗಿಸಬೇಕು. ನಿಜ ಹೇಳಬೇಕೆಂದರೆ, ಈಗ ಒಂದು ವಾರ ಯಾರೂ ಕರೆಯದಿದ್ದರೆ ನನಗೇ ಚಡಪಡಿಕೆ.

ಇವತ್ತು ಸುಲೇಪೇಟದಲ್ಲಿ ತೊಟ್ಟಿಲ ಕಾರ್ಯ. ಈಗ ಶಾಲೆಗೆ ಹೋಗುವ ಪಲ್ಲವಿ ತಾನೂ ಬರುತ್ತೇನೆಂದು ಹಟ ಹಿಡಿದಳು. ನಿಮಗೆ ಇಷ್ಟು ಹೇಳುತ್ತ ನಡೆದು ಬಸ್ ಸ್ಟ್ಯಾಂಡು ಮುಟ್ಟಿದರೆ ಬಸ್ಸು ಆಗಲೇ ಹೊರಟಿತ್ತು. ಅವಳು ನನ್ನ ಕೈ ಬಿಡಿಸಿಕೊಂಡು ಓಡಿದಳು. ‘ಓಡಬ್ಯಾಡ’ ಎಂಬ ಮಾತು ನನ್ನ ಬಾಯಿಗೆ ಬಂದು ಅಲ್ಲೇ ನಿಂತಿತು. ಅವಳು ಬಸ್ಸು ನಿಲ್ಲಿಸಿ, ಹತ್ತಿ, ಕಿಟಕಿಯಲ್ಲಿ ಮುಖ ತೂರಿಸಿ, “ಚಿಗವ್ವ, ಲಗೂ ಬಾ!” ಎಂದು ಕೂಗಿದಳು. ಚೀಲ ಹೊತ್ತು, ಸೀರೆ ಎತ್ತಿಕೊಂಡು ನಾನೂ ಓಡಿದೆ.

“ಏನಕ್ಕೋರ, ಕೂಸು ಮುಂದ, ನೀವು ಹಿಂದ?” ಎಂದ ಕಂಡಕ್ಟರು.

ಉತ್ತರ ಕೊಡಲು ನನ್ನಲ್ಲಿ ಉಸಿರಿರಲಿಲ್ಲ.