ಬಂಗಲೆಯಲ್ಲಿ ಊದಿದ ಮದುವೆಮನೆಯ ಧಾಟಿ

ಬಾಬಾಸಾಬ್, ಮತ್ತಿಘಟ್ಟದ ಮದುವೆಮನೆಗೆ ಪೋಲೀಸರನ್ನು ಕಳಿಸಿದ ಮಾತು ನನ್ನ ಬಾಯಿಂದ ಬಂದದ್ದು. ಊರು ಅದನ್ನು ನಿನ್ನ ಮೇಲೆ ಹೊರಿಸಿತು, ನಾನು ಹೊರಿಸಗೊಟ್ಟೆ.

ಸಿರಸಿಯ ನಮ್ಮ ಮೇಳದಲ್ಲಿ ನನ್ನದು ಕ್ಲಾರಿಯೊನೆಟ್, ನಿನ್ನದು ಡೋಲು. ಆ ದಿನ ಎರಡು ಕಡೆ ಒಪ್ಪಿಕೊಂಡಿದ್ದೆವು— ಮಧ್ಯಾಹ್ನ ಮತ್ತಿಘಟ್ಟದ ಹೆಗಡೆಯವರ ಮಗಳ ಮದುವೆ, ಸಂಜೆ ಯಲ್ಲಾಪುರದಲ್ಲಿ ಅರಣ್ಯ ಖಾತೆಯ ಬಿಳಿಯ ಅಧಿಕಾರಿ ಜಂಗಲ್ ಸಾಹೇಬನ ಬಂಗಲೆಯ ಕುಣಿತದ ಕೂಟ. ಒಂದು ಕಡೆ ಧಾರೆ, ಇನ್ನೊಂದು ಕಡೆ ಬೂಟಿನ ಸಪ್ಪಳ. ನಮಗೆ ಅದರಲ್ಲಿ ವಿಚಿತ್ರವೇನೂ ಕಾಣುತ್ತಿರಲಿಲ್ಲ.

ಮದುವೆಯಲ್ಲಿ ಬಡಿಸುತ್ತಿದ್ದ ಸಿದ್ದಾಪುರದ ಕಡೆಯ ತರುಣನೊಬ್ಬ ನಮ್ಮ ಊಟವಾದ ಮೇಲೆ ಪಕ್ಕದಲ್ಲಿ ಕೂತು ಒಂದು ಧಾಟಿ ಗುನುಗಿದ. ತಾನೇ ಕಟ್ಟಿದ್ದಂತೆ. ಎಷ್ಟು ಚೆಂದದ ಧಾಟಿ! ಅಲ್ಲಿಯೇ ಊದಿ ಕಲಿತುಕೊಂಡೆ. ಕರನಿರಾಕರಣೆಯ ಮೆರವಣಿಗೆಗಳಲ್ಲಿ ಜನ ಅದನ್ನೇ ಹಾಡುತ್ತಿದ್ದರೆಂದು, ಅವನು ತಲೆಮರೆಸಿಕೊಂಡವನೆಂದು ನನಗೇನು ಗೊತ್ತು— ಇಲ್ಲ, ಅದನ್ನು ನೆಪ ಮಾಡಲಾರೆ.

ಬಂಗಲೆಯಲ್ಲಿ ನಮಗೆ ಬರುತ್ತಿದ್ದ ಇಂಗ್ಲಿಷ್ ಮಟ್ಟುಗಳೆಲ್ಲ ಬೇಗ ಮುಗಿದವು. ಸಾಹೇಬ ಇನ್ನೂ ಬೇಕೆಂದ. ಆ ಧಾಟಿಯನ್ನೇ ಕುಣಿತಕ್ಕೆ ಒಗ್ಗಿಸಿ ಊದಿದೆ. ದೊರೆಸಾನಿಯರು ಕುಣಿದರು. ನಿಲ್ಲಿಸಿದಾಗ, ಕೂಟಕ್ಕೆ ಬಂದಿದ್ದ ಧಾರವಾಡದ ಕಡೆಯ ಪೋಲೀಸ್ ಫೌಜದಾರ ನಗುತ್ತ ಹತ್ತಿರ ಬಂದ.

"ಭಾಳ ಚಲೋ ನುಡಿಸಿದಿ. ಎಲ್ಲಿ ಕಲ್ತಿ ಇದನ್ನ?"

ಹೊಗಳಿಕೆಗೆ ಉಬ್ಬಿಹೋದೆ. "ಇವತ್ತೇ ಕಲ್ತಿದ್ದು, ಸಾಹೇಬ್ರೆ. ಮತ್ತಿಘಟ್ಟದ ಮದುವೆಮನೇಲಿ, ಬಡಿಸ್ತಿದ್ದವ ಒಬ್ಬ ಕಲಿಸ್ದ."

ಅವನ ನಗು ಆರಿಹೋಯಿತು. ಟೊಪ್ಪಿಗೆ ಎತ್ತಿಕೊಂಡು ಸರಸರನೆ ಹೊರಟ. ಆಗ ತಿಳಿಯಿತು ನನಗೆ, ಆ ತರುಣನನ್ನು ಹಿಡಿಸಿಕೊಟ್ಟೆನೆಂದು. ಯಾರ ಹತ್ತಿರವಾದರೂ ಮತ್ತಿಘಟ್ಟಕ್ಕೆ ಹೇಳಿ ಕಳಿಸಬಹುದಿತ್ತು. ಸಾಹೇಬ ಕೈಬೀಸಿ ಇನ್ನೊಂದು ಕೇಳಿದ— ಊದಿದೆ.

ನೀನು ಅಂಗಳದಲ್ಲಿ ಬೆಂಕಿಗೆ ಡೋಲು ಕಾಸುತ್ತಿದ್ದೆ. ನಿನಗೆ ಕೇಳಿಸಿರಲಿಕ್ಕಿಲ್ಲ ಎಂದುಕೊಂಡೆ.

ಬೆಳಗಾಗುವುದರೊಳಗೆ ಅವನನ್ನು ಹಿಡಿದರು. ಆಶ್ರಯ ಕೊಟ್ಟರೆಂದು ಹೆಗಡೆಯವರಿಗೂ ಮದುಮಗಳ ಎದುರಿಗೇ ಕೋಳ ಹಾಕಿ ಒಯ್ದರು. ನಿನ್ನ ತಮ್ಮ ಫೌಜದಾರನ ಮೋಟಾರು ಹೊಡೆಯುತ್ತಿದ್ದ; ಜನಕ್ಕೆ ಅಷ್ಟೇ ಸಾಕಾಯಿತು. ಬಿಡುಗಡೆಯಾಗಿ ಬಂದ ಹೆಗಡೆಯವರು ನನ್ನನ್ನು ಕರೆಸಿದರು.

"ಬಾಬಾಸಾಬಂದೇ ಕೆಲಸ ಹೇಳಿ ಎಲ್ಲರೂ ಹೇಳ್ತ. ನಿಂಗೆ ಎಂತಾರು ಗೊತ್ತಿದ್ದ?"

"ಎಂತದೂ ಗೊತ್ತಿಲ್ಲ, ಹೆಗಡೇರೇ."

ಬಂಗಲೆಯ ಮಾತು ತಿಳಿಯದೆ ಆಡಿದ್ದು. ಇದು— ತಿಳಿದೇ ಆಡಿದ್ದು.

ಆಮೇಲೆ ನಿನ್ನನ್ನು ಯಾವ ಮದುವೆಗೂ ಯಾರೂ ಕರೆಯಲಿಲ್ಲ. ನೀನು ಯಲ್ಲಾಪುರದಲ್ಲಿ ಲಾರಿಗೆ ಮರದ ನಾಟಾ ಹೇರುವ ಕೆಲಸಕ್ಕೆ ಹೋದೆ. ನಾನು ಬೇರೆ ಡೋಲಿನವನನ್ನು ಹುಡುಕಿಕೊಂಡೆ.

ಕಳೆದ ವಾರ ನೀನು ತೀರಿಕೊಂಡಾಗ ಮಣ್ಣಿಗೆ ಬಂದಿದ್ದೆ. ನಿನ್ನ ಹೆಂಡತಿ ಬಾಗಿಲ ಮರೆಯಿಂದ ಹೇಳಿದಳು— "ಬಂಗಲೇಲಿ ನೀವಂದ ಮಾತು ಅವ್ರಿಗೆ ಕೇಳಿಸಿತ್ತು, ಅಣ್ಣಾ. ಅವ ತಾನಾಗೇ ಹೇಳ್ತಾನೆ, ನಾನ್ಯಾಕೆ ಹೇಳ್ಲಿ ಅಂತಿದ್ರು."

ಕೇಳಿಸಿತ್ತು! ಇಷ್ಟು ವರ್ಷ ಪೇಟೆಯಲ್ಲಿ ಎದುರಾದಾಗಲೆಲ್ಲ ನೀನು ಸುಮ್ಮನೆ ನಿಲ್ಲುತ್ತಿದ್ದೆಯಲ್ಲ— ನಾನು ಮನೆಮಂದಿಯ ಕ್ಷೇಮ ವಿಚಾರಿಸಿ ಮುಂದೆ ಹೋಗುತ್ತಿದ್ದೆ. ನೀನು ಕಾಯುತ್ತಿದ್ದೆ, ಬಾಬಾಸಾಬ್. ಸಾಯುವವರೆಗೂ—

ಹೆಗಡೆಯವರು ಇನ್ನೂ ಇದ್ದಾರೆ. ನಾಳೆ ನಿನ್ನ ಮಗನನ್ನು ಕರೆದುಕೊಂಡು ಮತ್ತಿಘಟ್ಟಕ್ಕೆ ಹೋಗುತ್ತೇನೆ. ಅವನ ಎದುರಿಗೇ ಹೇಳುತ್ತೇನೆ. ಅವರು ಏನು ಮಾಡಿದರೂ ಸರಿ. ನಿನ್ನಲ್ಲಿ ಕ್ಷಮೆ ಕೇಳುವ ಹೊತ್ತನ್ನು ಮಾತ್ರ ನಾನೇ ಕಳೆದುಕೊಂಡೆ.