ನಾಲ್ಕರಲ್ಲಿ ಮೂರು ಗೆದ್ದರೆ ಮಾತ್ರ ಪಟ್ಟ

ಶನಿವಾರ ಬೆಳಿಗ್ಗೆ ಏಳಕ್ಕೆ ನಮ್ಮೂರು ಕ್ಯಾಂಪ್‌ಬೆಲ್ ಬಿಟ್ಟೆವು. ಕಾರಿನಲ್ಲಿ ನಾನು, ನಮ್ಮ ಯಜಮಾನರು ಚಂದ್ರು, ಮಗಳು ದಿಯಾ, ಒಂದು ಡಬ್ಬಿ ಚಿತ್ರಾನ್ನ, ಉದ್ದ ಅಲಗಿನ ಒಂದು ಜೊತೆ ಸ್ಕೇಟು. ಮಂಡ್ಯದಲ್ಲಿ ಐಸನ್ನು ಕಬ್ಬಿನ ಹಾಲಿನ ಲೋಟದಲ್ಲಿ ಮಾತ್ರ ಕಂಡಿದ್ದ ಈ ಮನುಷ್ಯ ಐವತ್ತರ ಹತ್ತಿರ ಐಸಿನ ಮೇಲೆ ಜಾರಿ ಓಡುವ ಸ್ಪೀಡ್ ಸ್ಕೇಟಿಂಗ್ ಕಲಿತರು. ಕಲಿತು ಸುಮ್ಮನಿದ್ದರೇ? ಹೋದ ವರ್ಷ ಕ್ಲಬ್ಬಿನ ಚಾಂಪಿಯನ್ ಪಟ್ಟದ ಹತ್ತಿರಕ್ಕೆ ಹೋಗಿ ಕೆಡಿಸಿಕೊಂಡು ಬಂದಿದ್ದರು.

ಕೆಡಿಸಿದ್ದು ಅವರ ಕೈ. ಓಟದ ಗೆರೆಯಲ್ಲಿ, ಓಟ ಶುರುಮಾಡಿಸುವ ಸ್ಟಾರ್ಟರು "ರೆಡಿ" ಅಂದಮೇಲೆ ಮಿಸುಕಬಾರದು. ಇವರಿಗೋ ಏನೇ ಶುರುಮಾಡಲಿ, ಮೊದಲು ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಕೊನೆಯ ಓಟದಲ್ಲಿ "ರೆಡಿ" ಆದಮೇಲೆ ಎರಡು ಸಲ ಐಸ್ ಮುಟ್ಟಿದರು. ಎರಡು ಸಲವೂ ಪೀಪಿ; ಎರಡನೆಯದಕ್ಕೆ ಔಟ್. ಮನೆಗೆ ಬಂದು ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ.

"ಅಪ್ಪ, ಪ್ಲೀಸ್, ನೋ ಟಚಿಂಗ್ ಟುಡೇ," ಎಂದಳು ದಿಯಾ ಹಿಂದಿನ ಸೀಟಿನಿಂದ.

"ಆಯ್ತಮ್ಮ. ರೆಡಿ ಅನ್ನೋಕ್ ಮುಂಚೇನೇ ಮುಟ್ಟಿ ಮುಗಿಸ್ಬಿಡ್ತೀನಿ."

ಎಂಟರ ಹೊತ್ತಿಗೆ ಫಾಸ್ಟರ್ ಸಿಟಿ. ಚಳಿಗಾಳಿಯಲ್ಲಿ ಅಪಾರ್ಟ್‌ಮೆಂಟಿನ ಕೆಳಗೆ ನಜೀರ್ ಭಾಯ್ ಕಾಯುತ್ತಿದ್ದರು. ಮೈಸೂರಿನವರು, ಕ್ಲಬ್ಬಿನಲ್ಲಿ ಯಜಮಾನರ ಗೆಳೆಯರೂ ಅವರೇ, ಎದುರಾಳಿಯೂ ಅವರೇ. ಅವರನ್ನು ಹತ್ತಿಸಿಕೊಂಡು ಕೊಲ್ಲಿಯ ಮೇಲಿನ ಏಳು ಮೈಲಿಯ ಸೇತುವೆ ಏರಿದೆವು. ಆಚೆ ಹೋಗಲು ಟೋಲಿಲ್ಲ, ಈಚೆ ಬರಲು ಎಂಟು ಡಾಲರ್. ಸೇತುವೆಯುದ್ದಕ್ಕೂ ಭಾಯ್ ಅವರ ಇತಿಹಾಸದ ಪಾಠ ನಡೆಯಿತು.

"ಗಂಡಸರ ವರ್ಲ್ಡ್ ಚಾಂಪಿಯನ್‌ಶಿಪ್ಪು ಅಂದ್ರೆ ಏನಂದ್ಕೊಂಡ್ರಿ ಮೇಡಂ? ವಿಂಟರ್ ಒಲಿಂಪಿಕ್ಸು ಹುಟ್ಟೋಕ್ ಮುಂಚೇನೇ ಇತ್ತು! ಐನೂರು, ಸಾವಿರದೈನೂರು, ಐದ್ ಸಾವಿರ, ಹತ್ ಸಾವಿರ ಮೀಟರು. ನಾಲ್ಕರಲ್ಲಿ ಮೂರು ಗೆದ್ರೆ ಮಾತ್ರ ಚಾಂಪಿಯನ್."

"ಯಾರೂ ಗೆಲ್ದೇ ಇದ್ರೆ?" ಎಂದೆ.

"ಆ ವರ್ಷ ಚಾಂಪಿಯನ್ನೇ ಇಲ್ಲ. ಜಾಗ ಖಾಲಿ."

ಆಮೇಲೆ ಜಗತ್ತು ಅಂಕಗಳ ಲೆಕ್ಕಕ್ಕೆ ಹೋಯಿತಂತೆ. ನಮ್ಮ ಕ್ಲಬ್ಬಿನ ಹಿರಿಯರು ಮಾತ್ರ ಐಸ್ ಹಾಸಿನ ಪುಟ್ಟ ರಿಂಕಿಗೆ ತಕ್ಕಂತೆ ದೂರ ಕಡಿಮೆ ಮಾಡಿಕೊಂಡು ಹಳೆಯ ನಿಯಮವನ್ನೇ ಹಿಡಿದಿದ್ದಾರೆ. ರಿಂಕಿನ ಬಾಗಿಲಲ್ಲೇ ಚಾಂಪಿಯನ್ನರ ಹಲಗೆ ಇದೆ. ಹೋದ ವರ್ಷದ ಸಾಲು ಖಾಲಿ. ಯಜಮಾನರು ಅದರ ಕಡೆ ನೋಡದೆ ಒಳಗೆ ನಡೆದರು.

ಮೊದಲ ಓಟದ ಗೆಲುವು ಯಜಮಾನರದ್ದು, ಎರಡನೆಯದು ಭಾಯ್ ಅವರದ್ದು, ಮೂರನೆಯದು ಮತ್ತೆ ನಮ್ಮವರದ್ದು. ಮೂರಕ್ಕೂ ಐಸನ್ನು ವೇಳೆಗೆ ಸರಿಯಾಗಿ ಮುಟ್ಟಿದ್ದರು. ಉಳಿದದ್ದು ಒಂದೇ, ಎಲ್ಲಕ್ಕಿಂತ ಉದ್ದದ್ದು. ಬಿಡುವಿನಲ್ಲಿ ಚಿತ್ರಾನ್ನ ಕೊಡುತ್ತಾ, "ಭಾಯ್, ಗೆಳೆಯನಿಗೆ ಬಿಟ್ಕೊಡ್ತೀರಾ ಹೇಗೆ?" ಎಂದು ಕೆಣಕಿದೆ.

"ಏನ್ ಮೇಡಂ, ಬಿಟ್ಕೊಟ್ರೆ ಅದೂ ಒಂದ್ ಗೆಲುವಾ?" ಎಂದರು.

ಇಬ್ಬರೂ ಗೆರೆಗೆ ಬಂದರು. ಗಾಬರಿಯಲ್ಲಿ ಯಜಮಾನರಿಗೆ ಐಸ್ ಮುಟ್ಟುವುದು ಮರೆತೇ ಹೋಗಿದೆ. "ರೆಡಿ!" ಆಗ ನೆನಪಾಯಿತು ನೋಡಿ, ಕೈ ಕೆಳಗೆ ಹೋಯಿತು. ಪೀಪಿ! ದಿಯಾ ಮುಖ ಮುಚ್ಚಿಕೊಂಡಳು. ಇನ್ನೊಂದು ಸಲ ಆದರೆ ಈ ವರ್ಷವೂ ಮುಗಿದಂತೆ. ಅರ್ಧಕ್ಕೇ ನಿಂತ ಕೈಯನ್ನು ಏನು ಮಾಡಬೇಕೆಂದು ತೋಚದೆ ಅವರು ಪೆಚ್ಚಾಗಿ ನಿಂತಿದ್ದರು.

ನನಗೆ ಎಲ್ಲಿಂದ ಧೈರ್ಯ ಬಂತೋ! ಪಕ್ಕದ ಗೇಟು ತೆಗೆದು, ಬಗ್ಗಿ, ಐಸ್ ಮುಟ್ಟಿ ಕಣ್ಣಿಗೊತ್ತಿಕೊಂಡೆ. "ರೀ! ನಿಮ್ ಪಾಲಿಂದೂ ನಾನೇ ಮಾಡಿದೀನಿ! ಕೈ ಸುಮ್ನಿಟ್ಕೊಂಡು ಓಡಿ!" ಎಂದು ಕೂಗಿದೆ.

ಅವರು ನಕ್ಕುಬಿಟ್ಟರು. ಮತ್ತೆ "ರೆಡಿ" ಎಂದಾಗ ಕೈ ಅಲುಗಲಿಲ್ಲ. ಭಾಯ್ ತಮ್ಮ ಮಾತಿನಂತೆಯೇ ಚೂರೂ ಬಿಟ್ಟುಕೊಡದೆ ಕೊನೆಯ ಸುತ್ತಿನ ತನಕ ಮುಂದಿದ್ದರು. ಕೊನೆಯ ತಿರುವಿನಲ್ಲಿ ನಮ್ಮವರು ಪಕ್ಕಕ್ಕೆ ಬಂದರು, ಅರ್ಧ ಸ್ಕೇಟಿನಷ್ಟು ಮುಂದೆ ಗೆರೆ ದಾಟಿದರು. ಎಷ್ಟು ಕಿರುಚಿದೆನೋ, ಗಂಟಲು ಕಟ್ಟಿಹೋಯಿತು. ಭಾಯ್ ಗೆದ್ದ ಗೆಳೆಯನನ್ನು ತಬ್ಬಿಕೊಂಡೇ ಹೊರಗೆ ಕರೆತಂದರು. ಹಲಗೆಯ ಮೇಲೆ ಹೆಸರು ಬರೆಯುವಾಗ ಹೆಮ್ಮೆಯಿಂದ ನನಗೆ ಅಳುವೇ ಬಂತು, ಮುಚ್ಚಿಡಲಿಲ್ಲ.

ಹೊರಡುವಾಗ ಯಜಮಾನರು ಕಾಣಲಿಲ್ಲ. ತಿರುಗಿ ನೋಡಿದರೆ ಖಾಲಿ ರಿಂಕಿನ ಅಂಚಿನಲ್ಲಿ ಮಂಡಿಯೂರಿದ್ದಾರೆ. ಎರಡೂ ಕೈ ಐಸಿನ ಮೇಲಿಟ್ಟು, ನಿಧಾನವಾಗಿ ಕಣ್ಣಿಗೊತ್ತಿಕೊಂಡರು. ಸ್ಟಾರ್ಟರು ಪಕ್ಕದಲ್ಲೇ ನಿಂತಿದ್ದ. ಕೊರಳಿನ ಪೀಪಿ ತೆಗೆದು ಜೇಬಿಗೆ ಹಾಕಿಕೊಂಡ.