ಎತ್ತಿನ ಎರಡನೆಯ ಹೊಟ್ಟೆ

ಸವಣೂರಿನಿಂದ ನಾವು ಹೊರಟಾಗ ಬೆಳಿಗ್ಗೆ ಏಳು ಗಂಟೆ ಎಂದು ನನ್ನ ಟಿಪ್ಪಣಿ ಪುಸ್ತಕ ಹೇಳುತ್ತದೆ. ನೆನಪು ಒಂಬತ್ತು ಎನ್ನುತ್ತದೆ. ಯುದ್ಧ ಶುರುವಾಗಿ ಪೆಟ್ರೋಲು ಸಿಗದಂತಾದ ಮೇಲೆ ಬಸ್ಸಿನ ಬೆನ್ನಿಗೆ ಇದ್ದಿಲ ಒಲೆ ಕಟ್ಟಿದ್ದರು; ಅದು ಕಾಯಲು ಹಿಡಿಯುತ್ತಿದ್ದ ಹೊತ್ತು ಬಲ್ಲವರು ಎರಡನ್ನೂ ನಂಬಬಹುದು.

ಜೊತೆಗಿದ್ದವನು ಗೆಳೆಯ ಮಲ್ಲಪ್ಪ, ದನದ ಡಾಕ್ಟರು. ಹಿರೇಕೆರೂರಿನ ಆಚೆಯ ಒಂದು ಹಳ್ಳಿಯಿಂದ ಅವನಿಗೆ ಪತ್ರ ಬಂದಿತ್ತು: ಎತ್ತು ಮೇವು ಬಿಟ್ಟಿದೆ, ಬೆನ್ನು ಬಾಗಿಸಿ ನಿಂತಿದೆ, ಸೊಸೆ ವಿಷ ಹಾಕಿದಳೆಂದು ಅತ್ತೆಗೆ ಸಂಶಯ. ಸೊಸೆ ಗಂಗವ್ವನನ್ನು ಆಗಲೇ ಹಾನಗಲ್ಲಿನ ತವರಿಗೆ ಅಟ್ಟಿದ್ದರು. ನನಗೆ ಹೋಗಲು ಇಂಥದೇ ಕಾರಣವಿರಲಿಲ್ಲ. ಒಂದೇ ಊರಿನಲ್ಲಿ ಹದಿನೈದು ದಿನ ಕುಳಿತರೆ ನನಗೆ ಮೈ ಕಡಿಯುತ್ತದೆ.

ಶಿಗ್ಗಾವಿಯಲ್ಲಿ ಬಸ್ಸು ನೀರಿಗೆ ನಿಂತಿತು. ಹೋಟೆಲಿನಲ್ಲಿ ಮಿರ್ಚಿ ಭಜಿ ತಿನ್ನುವಾಗ ಚೂರೊಂದು ಗಂಟಲಿಗೆ ಸಿಕ್ಕಿ ನನ್ನ ಕಣ್ಣಲ್ಲಿ ನೀರು ಬಂತು. ಮಲ್ಲಪ್ಪನಿಗೆ ಅದೇ ಸಂತೋಷ.

"ನೋಡ, ಉಸಿರಿಗೊಂದ ದಾರಿ, ಕೂಳಿಗೊಂದ ದಾರಿ ಬ್ಯಾರೆಬ್ಯಾರೆ ಮಾಡಾಕ ಏನಾಗಿತ್ತು? ಎರಡನ್ನೂ ಗಂಟಲದಾಗ ಅಡ್ಡ ಹಾಯಿಸ್ಯಾನ. ಯಾವ ಗೌಂಡಿ ಇಂಥಾ ಮನಿ ಕಟ್ಟತಾನ? ಜೇನುಹುಳ ಒಮ್ಮೆ ನಮಗ ಕಡದ್ರ ತಾನ ಸಾಯ್ತೈತಿ. ಅದೂ ಒಂದ ಆಯುಧ ಏನು?"

"ಡಾಕ್ಟ್ರ, ದೇವರಿಗೆ ಬೈಯೋದಿದ್ರ ಹೊರಗ ನಿಂತ ಬೈರಿ," ಎಂದ ಹೋಟೆಲಿನವನು. "ಇಲ್ಲಿ ಚಾ ಆರಾಕತ್ತೈತಿ."

ಬೈಯುವುದಕ್ಕೂ ಅದೇ ಗಂಟಲು ಬೇಕಾಯಿತಲ್ಲ ಎಂದು ನನಗೆ ಹೊಳೆಯಿತು. ಅಷ್ಟು ಸಲೀಸಾಗಿ ಒಪ್ಪ ಮಾಡಿದ ದೂರುಗಳನ್ನು ನಾನು ನಂಬುವುದಿಲ್ಲ, ಅವು ದೇವರ ಮೇಲಿರಲಿ, ಸೊಸೆಯ ಮೇಲಿರಲಿ.

ಹಾನಗಲ್ಲು ಮುಟ್ಟಿದಾಗ ಮಧ್ಯಾಹ್ನ. ಗಂಗವ್ವನ ತವರು ಬಸ್ಸು ನಿಲ್ಲುವ ಜಾಗದ ಎದುರಿಗೇ ಇತ್ತು. ಅವಳಪ್ಪ ನಮ್ಮನ್ನು ಕೂಡಿಸಿ ಮಜ್ಜಿಗೆ ಕೊಟ್ಟ. ಅವಳು ಬಾಗಿಲಲ್ಲೇ ನಿಂತು ಹೇಳಿದಳು.

"ಅತ್ತಿ ಹಳೇ ಸೀರಿ ತುಂಡ ಕೂಡಿಸಿ ಕೌದಿ ಹೊಲ್ಯಾಕತ್ತಿದ್ರು. ಕಡೀ ಸಾಲಿಗೆ ಬಂದಾಗ ಅದರ ಮ್ಯಾಲೆ ಒಂದ ರೊಟ್ಟಿ ಇಡೋದು ನಮ್ಮನಿ ಪದ್ಧತಿ. ಕೌದಿ ಹಸದಿರಬಾರದು ಅಂತ. ಆಮ್ಯಾಲೆ ಆ ರೊಟ್ಟಿ ಎತ್ತಿಗೆ. ರೊಟ್ಟಿ ಮಡಿಚಿ ಇಟ್ಟಿದ್ರು, ನಾ ಹಂಗ ಒಯ್ದು ತಿನಿಸಿದೆ. ಅಂಗಳದಾಗ ನಾಕ ಮಂದಿ ನೋಡ್ಯಾರ. ಅದಕ್ಕ ಈಗ ರೊಟ್ಟಿನ್ಯಾಗ ವಿಷ ಅಂತಾರ."

"ಏನ ಸಿಕ್ಕರೂ ಬರೂ ಮುಂದ ನಿನಗ ಹೇಳೇ ಹೋಗತೇನಿ, ತಂಗಿ," ಎಂದ ಮಲ್ಲಪ್ಪ.

"ಖರೇ ಹೇಳ್ರಿ. ಸಮಾಧಾನ ಬ್ಯಾಡ."

ಅಕ್ಕಿಆಲೂರು ದಾಟುವಾಗ ಭತ್ತದ ಹೊಟ್ಟಿನ ಧೂಳು ಬಸ್ಸಿನೊಳಕ್ಕೆ ಬಂತು. ಮಲ್ಲಪ್ಪ ಕರವಸ್ತ್ರದಲ್ಲಿ ಮೂಗು ಮುಚ್ಚಿಕೊಂಡು ಎತ್ತಿನ ಹೊಟ್ಟೆಯ ಪಾಠ ಹೇಳಿದ. ಎತ್ತು ಅಗಿಯದೆ ನುಂಗುತ್ತದೆ, ಆಮೇಲೆ ಮೆಲುಕು ಹಾಕುತ್ತದೆ. ಭಾರದ ವಸ್ತು ಏನಾದರೂ ಒಳಹೋದರೆ ಎರಡನೆಯ ಹೊಟ್ಟೆಯಲ್ಲಿ, ಜೇನುಹುಟ್ಟಿನಂಥ ಗೋಡೆಯ ನಡುವೆ ಉಳಿಯುತ್ತದೆ. ಅದರಾಚೆಗೆ ತೆಳ್ಳನೆಯ ಒಂದು ಪರದೆ. ಪರದೆಯಾಚೆ ಗುಂಡಿಗೆ. ಕಾಡಿನಲ್ಲಿ ಹುಲಿ ಬರುವ ಮೊದಲು ಗಬಗಬ ನುಂಗಿ ಓಡಲು ಈ ಹೊಟ್ಟೆ ಸರಿಯಾಗಿತ್ತೇನೋ, ಕೊಟ್ಟಿಗೆಗೆ ಬಂದ ಮೇಲೆ ಕೆಟ್ಟಿತೇನೋ ಎಂದೆ.

ಹಿರೇಕೆರೂರಿನಲ್ಲಿ ಇಳಿದು ಚಕ್ಕಡಿಯಲ್ಲಿ ಹಳ್ಳಿ ಸೇರಿದೆವು. ಎತ್ತು ಆ ಬೆಳಿಗ್ಗೆಯೇ ಸತ್ತಿತ್ತು. ಹಣೆಗೆ ವಿಭೂತಿ ಹಚ್ಚಿ, ಹೊಲದಲ್ಲಿ ಕುಣಿ ತೋಡಿಸಿದ್ದರು.

ಕೊಯ್ದು ನೋಡುತ್ತೇನೆ ಎಂದಾಗ ಮಾವ ಕೈ ಅಡ್ಡ ಹಿಡಿದ. "ಬಸವಣ್ಣರೀ ಅಂವ. ಮನ್ಯಾಗ ಹುಟ್ಟಿದಾಂವ. ಕತ್ತಿ ಹಚ್ಚಬ್ಯಾಡ್ರಿ."

ಅತ್ತೆ ನಾಗವ್ವ ಮುಂದೆ ಬಂದಳು. "ಕೊಯ್ರಿ. ಆಕಿ ಏನ ಹಾಕ್ಯಾಳ ಊರ ನೋಡ್ಲಿ. ಇಲ್ಲಂದ್ರ ನಾಳೆ ನಾನ ಸುಳ್ಳಿ ಆಗತೇನಿ."

ಮಲ್ಲಪ್ಪ ಬಹಳ ಹೊತ್ತು ಹುಡುಕಿದ. ಕೊನೆಗೆ ಅವನ ಬೆರಳುಗಳ ನಡುವೆ ಕಪ್ಪಗಾದ ಒಂದು ಸೂಜಿ ಬಂತು, ಬೆರಳುದ್ದದ್ದು, ಕೌದಿ ಹೊಲಿಯುವಂಥದು. ಅದರ ಕಣ್ಣಿನಲ್ಲಿ ಕೆಂಪು ನೂಲಿನ ತುಣುಕಿತ್ತು. ನಾನು ಇದನ್ನು ಎಷ್ಟೋ ಮಂದಿಗೆ ಹೇಳಿದ್ದೇನೆ, ನೂಲಿನ ಬಣ್ಣದ ಸಮೇತ. ಮೊನ್ನೆ ಮಲ್ಲಪ್ಪನಿಗೆ ಓದಿ ಹೇಳಿದರೆ ಅವನೆಂದ: "ಹತ್ತೀ ನೂಲ ಎತ್ತಿನ ಹೊಟ್ಟ್ಯಾಗ ಎಲ್ಲಿ ಉಳೀತೈತಿ? ಹುಲ್ಲನ್ನ ಕರಗಸೂ ಹೊಟ್ಟಿ ಅದು." ಹಾಗಾದರೆ ನೂಲನ್ನು ಪೋಣಿಸಿದವನು ನಾನೇ. ಸೂಜಿ ಮಾತ್ರ ನಿಜ.

ನಾಗವ್ವ ಸೂಜಿ ನೋಡಿದಳು, ನನ್ನದು ಎನ್ನಲಿಲ್ಲ, ನನ್ನದಲ್ಲ ಎನ್ನಲೂ ಇಲ್ಲ. ಒಳಗೆ ಹೋಗಿ ಮಡಿಚಿದ ಕೌದಿಯೊಂದನ್ನು ತಂದು ಮಲ್ಲಪ್ಪನ ಮುಂದೆ ಇಟ್ಟಳು.

"ಸೂಜಿ ಕಳದಾಗಿಂದ ಕಡೀ ಸಾಲು ಹಂಗ ಉಳದೈತ್ರಿ. ನಾನ ರೊಟ್ಟಿನ್ಯಾಗ ಚುಚ್ಚಿಟ್ಟ ಎದ್ದಿದ್ನೋ ಏನೋ. ಆಕಿಗೆ ಕೊಡ್ರಿ ಇದನ್ನ. ಬಂದು ಮುಗಸ್ಲಿ ಅಂತ ಹೇಳ್ರಿ."

ಈ 'ಏನೋ' ಎಂಬುದನ್ನು ನಾನು ಆ ದಿನವೂ ನಂಬಲಿಲ್ಲ; ಸೂಜಿ ಕಂಡೊಡನೆ ಅವಳಿಗೆ ಎಲ್ಲ ನೆನಪಾಗಿತ್ತೆಂದೇ ನನಗನಿಸಿತು.

ಮರುದಿನ ಹಾನಗಲ್ಲಿನಲ್ಲಿ ಗಂಗವ್ವ ಕೌದಿ ಬಿಚ್ಚಿ, ಹೊಲಿಯದೆ ಉಳಿದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಮಲ್ಲಪ್ಪ ಕಾಗದದ ಪೊಟ್ಟಣ ಬಿಚ್ಚಿ ಸೂಜಿ ತೋರಿಸಿದ. ಅವಳ ಮುಖದಲ್ಲಿ ಮೊದಲು ಹಗುರಾದದ್ದೇನೋ ಕಂಡಿತು, ಮರುಕ್ಷಣ ಹೋಯಿತು.

"ಅಂದ್ರ ನನ್ನ ಕೈಯಿಂದನ ತಿಂತಲ್ರಿ?"

"ಮೇವಿನ್ಯಾಗ ಬಿದ್ದಿರಬೇಕವ್ವಾ," ಎಂದ ಮಲ್ಲಪ್ಪ.

"ನಿಮಗ ಸುಳ್ಳ ಹೇಳಾಕ ಬರಂಗಿಲ್ರಿ ಡಾಕ್ಟ್ರ." ಅವಳು ಸೂಜಿ ತೆಗೆದುಕೊಂಡಳು. "ಏನ ಹೇಳಿ ಕಳಿಸ್ಯಾರ?"

"ಬಂದು ಮುಗಸ್ಲಿ ಅಂತ."

"ಹೋಗ ತಂಗಿ," ಎಂದ ಅಪ್ಪ. "ಅಷ್ಟ ಅಂದದ್ದ ದೊಡ್ಡದು."

"ನಾ ಒಲ್ಲೆ. ವಿಷ ಅಂದದ್ದು ಊರ ಮುಂದ, ಬಾ ಅನ್ನೋದು ಡಾಕ್ಟ್ರ ಕಡಿಂದ ಏನು? ಕೌದಿ ಇಲ್ಲೇ ಇರತೈತಿ, ಸೂಜಿನೂ ಇಲ್ಲೇ ಇರತೈತಿ. ಅತ್ತಿ ಬಂದು ನನ್ನ ಮಗ್ಗಲಿಗೆ ಕುಂತು ಕಡೀ ಸಾಲು ಹಾಕ್ಲಿ. ಆಮ್ಯಾಲೆ ಇಬ್ಬರೂ ಕೂಡೇ ಹೋಗತೇವಿ."

ಬಸ್ಸಿನವನು ಕೂಗಿದ. ಹೊರಟ ಬಸ್ಸಿನಿಂದ ತಿರುಗಿ ನೋಡಿದೆ. ಅವಳು ಹೊಸ್ತಿಲ ಕಲ್ಲಿನ ಮೇಲೆ ಬಾಗಿ ಸೂಜಿಯ ತುಕ್ಕು ತಿಕ್ಕುತ್ತಿದ್ದಳು. ಆ ಸದ್ದು ಶಿಗ್ಗಾವಿಯವರೆಗೂ ಕಿವಿಯಲ್ಲಿತ್ತು ಎಂದು ಬರೆಯಲು ಕೈ ಎಳೆಯುತ್ತದೆ. ಬಸ್ಸಿನ ಗದ್ದಲದಲ್ಲಿ ಅದು ಕೇಳಿಸಿರಲಾರದು. ಕೈ ಆಡುತ್ತಿದ್ದುದಷ್ಟೇ ಕಂಡಿತು.